ತೊಟ್ಟಿಲು ಅಲ್ಲಿ, ಪೌರತ್ವ ಎಲ್ಲಿ?

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ದಾವಣಗೆರೆ, ಹರಿಹರದ ಕಡೆಯ ಹಳೆಯ ಪದ್ಧತಿ. ಈಗಲೂ ಅದು ಪೂರ್ತಿ ಬಿಟ್ಟುಹೋಗಿಲ್ಲ. ಆದರೆ ಮಗಳು ದುಬೈಯಲ್ಲೋ ಅಮೆರಿಕದ ಟೆಕ್ಸಾಸ್‌ನಲ್ಲೋ ಇದ್ದರೆ ಪದ್ಧತಿ ತಿರುವುಮುರುವಾಗುತ್ತದೆ. ಮಗಳು ತವರಿಗೆ ಬರುವುದಿಲ್ಲ, ತವರೇ ಮಗಳ ಬಳಿಗೆ ಹೋಗುತ್ತದೆ. ಅಂಟಿನುಂಡೆ, ಖಾರದ ಪುಡಿ, ಕುಲಾವಿ ಕಟ್ಟಿಕೊಂಡು ತಾಯಿ ವಿಮಾನ ಹತ್ತುತ್ತಾಳೆ. ಬಾಣಂತನ ಮುಗಿಸಿ ವಾಪಸಾಗುತ್ತಾಳೆ. ಜಾತಕ ಬರೆಸಲು ಮಗು ಹುಟ್ಟಿದ ಗಳಿಗೆಯನ್ನು ಮರೆಯದೆ ಗುರುತು ಹಾಕಿಕೊಂಡು ಬರುತ್ತಾಳೆ.

ಆದರೆ ಜಾತಕದಷ್ಟೇ ಮುಖ್ಯವಾದ ಇನ್ನೊಂದು ಬರಹವಿದೆ. ಆ ಮಗು ಯಾವ ದೇಶದ ಪ್ರಜೆ? ಹಲವು ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಹದಿನೇಳು ಹದಿನೆಂಟು ವರ್ಷಗಳ ನಂತರ. ಪಿಯುಸಿ ಮುಗಿಸಿದ ಹುಡುಗ ಪ್ರವೇಶ ಪರೀಕ್ಷೆಯ ಅರ್ಜಿ ತುಂಬುವಾಗ ‘ರಾಷ್ಟ್ರೀಯತೆ’ ಎಂಬ ಕಲಂ ಎದುರಾಗುತ್ತದೆ. ‘ಅಪ್ಪ ಅಮ್ಮ ಇಬ್ಬರೂ ಭಾರತೀಯರು, ಮಗ ಬೇರೆಯವನು ಹೇಗಾದಾನು?’ ಎಂದು ಅಜ್ಜ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕಾನೂನಿನ ಉತ್ತರ ಅಷ್ಟು ಸರಳವಲ್ಲ.

ಓದಿನ ಊರಿಗೆ ಏಕೆ ಮುಖ್ಯ?

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ಇಂದು ಕಾಲೇಜುಗಳ ಊರು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದು, ಜೆಜೆಎಂ ವೈದ್ಯಕೀಯ ಕಾಲೇಜು 1965ರದು, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರದು. ಇಲ್ಲಿ ಓದಿದ ವೈದ್ಯರು, ಎಂಜಿನಿಯರುಗಳು ಪ್ರಪಂಚದ ನಾನಾ ಕಡೆ ಇದ್ದಾರೆ. ಅವರ ಮಕ್ಕಳು ಅಲ್ಲಿಯೇ ಹುಟ್ಟುತ್ತಾರೆ. ಕೆಲವರು ಮರಳಿ ಬಂದು ಮಕ್ಕಳನ್ನು ಊರಿನ ಶಾಲೆಗೆ ಸೇರಿಸುತ್ತಾರೆ.

ಹೊರದೇಶಕ್ಕೆ ಹೋಗುವವರು ಪದವೀಧರರು ಮಾತ್ರ ಅಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆಯ ಎಣ್ಣೆ ಮಾರಲು ಆಫ್ರಿಕದ ದೇಶಗಳನ್ನು ಸುತ್ತುತ್ತಾರೆ. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಚನ್ನಗಿರಿಯವರೂ ಇದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಭಾರತೀಯರನ್ನು ಅಲ್ಲಿಂದ ಕರೆತಂದಿತು. ದೇಶವೊಂದು ತನ್ನವರೆಂದು ಹಡಗು, ವಿಮಾನ ಕಳಿಸುವುದು ಎಂದರೇನೆಂದು ಅಂಥ ಹೊತ್ತಿನಲ್ಲಿ ತಿಳಿಯುತ್ತದೆ. ಪೌರತ್ವ ಬರೀ ಕಾಗದವಲ್ಲ.

ನೆಲದ ಹಕ್ಕು, ರಕ್ತದ ಹಕ್ಕು

ಹುಟ್ಟಿನಿಂದ ಪೌರತ್ವ ಬರುವ ದಾರಿಗಳು ಎರಡು. ಹುಟ್ಟಿದ ನೆಲದಿಂದ ಬರುವುದು ಒಂದು, ಹೆತ್ತವರಿಂದ ಬರುವುದು ಇನ್ನೊಂದು. ಅಮೆರಿಕದಲ್ಲಿ 1868ರ ಹದಿನಾಲ್ಕನೆಯ ಸಂವಿಧಾನ ತಿದ್ದುಪಡಿಯ ಬಲದಿಂದ ಆ ನೆಲದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪೌರತ್ವ ಸಿಗುತ್ತ ಬಂದಿದೆ. ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಇದು ಸಲ್ಲದೆಂದು ಅಧ್ಯಕ್ಷ ಟ್ರಂಪ್ 2025ರ ಜನವರಿ 20ರಂದು ಆದೇಶ ಹೊರಡಿಸಿದಾಗ ಅದು ಕೂಡಲೇ ಕೋರ್ಟಿನ ಮೆಟ್ಟಿಲೇರಿತು. ಬ್ರಿಟನ್ 1983ರಿಂದಲೇ ನೆಲದ ಹಕ್ಕನ್ನು ಬಿಗಿ ಮಾಡಿದೆ. ತಂದೆ ತಾಯಿಯರಲ್ಲಿ ಒಬ್ಬರು ಅಲ್ಲಿನ ಪೌರರಾಗಿರಬೇಕು ಇಲ್ಲವೇ ಅಲ್ಲಿ ಖಾಯಂ ನೆಲೆಸಿರಬೇಕು. ಕೊಲ್ಲಿ ದೇಶಗಳಲ್ಲಂತೂ ಭಾರತೀಯ ದಂಪತಿಗೆ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗುವುದಿಲ್ಲ.

ಭಾರತದ ಪೌರತ್ವ ಕಾಯ್ದೆ 1955ರದು. ಇಲ್ಲಿ ಹುಟ್ಟಿದವರಿಗೆ 3ನೇ ಕಲಂ, ಹೊರಗೆ ಹುಟ್ಟಿದವರಿಗೆ 4ನೇ ಕಲಂ. ದುಬೈಯಲ್ಲಿರುವ ಭಾರತೀಯ ದಂಪತಿ ಹೆರಿಗೆಗೆ ದಾವಣಗೆರೆಗೆ ಬಂದರೆ ಮಗು 3ನೇ ಕಲಮಿನಡಿ ಭಾರತೀಯ, ತಂಟೆಯಿಲ್ಲ. ಅಲ್ಲೇ ಹೆತ್ತರೆ 4ನೇ ಕಲಂ. ತೊಡಕುಗಳೆಲ್ಲ ಇರುವುದು ಇಲ್ಲಿ.

ಮೂರು ಕಾಲ, ಮೂರು ನಿಯಮ

ಮಗು ಹುಟ್ಟಿದ ತಾರೀಖೇ 4ನೇ ಕಲಮಿನ ಕೀಲಿಕೈ.

1950ರ ಜನವರಿ 26ರಿಂದ 1992ರ ಡಿಸೆಂಬರ್ 10ರ ಮುಂಚಿನವರೆಗೆ ಹೊರದೇಶದಲ್ಲಿ ಹುಟ್ಟಿದವರಿಗೆ ತಂದೆ ಭಾರತೀಯನಾಗಿದ್ದರೆ ಮಾತ್ರ ಪೌರತ್ವ. ತಾಯಿ ಭಾರತೀಯಳಾಗಿದ್ದರೆ ಸಾಲದು. ಒಂಬತ್ತು ತಿಂಗಳು ಹೊತ್ತವಳ ದೇಶ ಲೆಕ್ಕಕ್ಕೆ ಬರುತ್ತಿರಲಿಲ್ಲ.

1992ರ ಡಿಸೆಂಬರ್ 10ರಿಂದ ಈ ಅನ್ಯಾಯ ಹೋಯಿತು. ತಂದೆ ತಾಯಿಯರಲ್ಲಿ ಯಾರೊಬ್ಬರು ಭಾರತೀಯರಾಗಿದ್ದರೂ ಸಾಕೆಂದಾಯಿತು. ಹರಿಹರದ ಹೆಣ್ಣುಮಗಳೊಬ್ಬಳು ಲಂಡನ್ನಿನಲ್ಲಿ ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿ, ತಾನು ಭಾರತೀಯಳಾಗಿಯೇ ಉಳಿದಳೆಂದು ಇಟ್ಟುಕೊಳ್ಳಿ. 1991ರಲ್ಲಿ ಅಲ್ಲಿ ಹುಟ್ಟಿದ ಅವಳ ಮೊದಲ ಮಗುವಿಗೆ ಭಾರತದ ಪೌರತ್ವವಿಲ್ಲ. 1993ರಲ್ಲಿ ಹುಟ್ಟಿದ ಎರಡನೆಯದಕ್ಕೆ ಉಂಟು. ಒಡಹುಟ್ಟಿದವರ ನಡುವೆ ಒಂದು ತಾರೀಖು ಗೆರೆ ಎಳೆದುಬಿಟ್ಟಿತು.

ಮೂರನೆಯ ಕಾಲ 2004ರ ಡಿಸೆಂಬರ್ 3ರಿಂದ ಆರಂಭ. ಇಂದು ಶಾಲೆ ಕಾಲೇಜಿನಲ್ಲಿರುವ ಹೆಚ್ಚಿನ ಮಕ್ಕಳು ಈ ಕಾಲದವರು. ಹೆತ್ತವರಿಬ್ಬರೂ ಭಾರತೀಯರಾಗಿದ್ದರೂ ಪೌರತ್ವ ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಮಗುವಿನ ಜನನವನ್ನು ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಇನ್ನೊಂದು ಮಾತು. ಎಲ್ಲ ಕಾಲಕ್ಕೂ ನೋಡುವುದು ಮಗು ಹುಟ್ಟಿದ ದಿನ ತಂದೆ ತಾಯಿ ಯಾವ ದೇಶದವರಾಗಿದ್ದರು ಎಂಬುದನ್ನು. ಹಿಂದಿನ ದಿನ ಬೇರೆ ದೇಶದ ಪೌರತ್ವ ಪಡೆದಿದ್ದರೆ ಮರುದಿನ ಹುಟ್ಟಿದ ಮಗುವಿಗೆ ಅವರಿಂದ ಭಾರತದ ಪೌರತ್ವ ಬರದು.

ದುಬೈ ಮಗು, ಅಮೆರಿಕ ಮಗು

ಒಂದೇ ಕಾನೂನು ಎರಡು ನಾಡುಗಳಲ್ಲಿ ಎರಡು ಬಗೆಯಾಗಿ ತಟ್ಟುತ್ತದೆ.

ಕೊಲ್ಲಿಯಲ್ಲಿ ಹುಟ್ಟಿದ ಮಗುವಿಗೆ ಆ ದೇಶದ ಪೌರತ್ವವಿಲ್ಲ. ಭಾರತದ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟೂ ಇರುವುದಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಅಲ್ಲಿ ಇರುವಂತಿಲ್ಲ, ಊರಿಗೆ ಬರುವಂತಿಲ್ಲ. ಸಂಬಳ, ಮನೆ, ವೀಸಾ ಎಲ್ಲ ಸರಿಯಾಗಿರುವ ಕುಟುಂಬಕ್ಕೆ ಇದು ಸುಲಭದ ಕೆಲಸ. ಕಷ್ಟ ಬರುವುದು ಕೆಲಸ ಕಳೆದುಕೊಂಡು ವೀಸಾ ಮುಗಿದವರಿಗೆ, ಮದುವೆಯ ನೋಂದಣಿ ಪತ್ರ ಮಾಡಿಸದೆ ಹೋದವರಿಗೆ. ಊರಲ್ಲಿ ಛತ್ರದಲ್ಲಿ ಅದ್ದೂರಿ ಮದುವೆ ಮಾಡಿ, ಉಪನೋಂದಣಿ ಕಚೇರಿಗೆ ಹೋಗಲು ಸೋಮಾರಿತನ ಮಾಡಿದರೆ ಅದರ ಬಿಸಿ ಮುಟ್ಟುವುದು ಅಲ್ಲಿ.

ಅಮೆರಿಕದಲ್ಲಿ ಬೇರೆಯೇ ಕಥೆ. ಹುಟ್ಟಿನಿಂದ ಅಲ್ಲಿನ ಪೌರನಾದ ಮಗು ಪ್ರಯಾಣ ಮಾಡುವಾಗ ಅಮೆರಿಕದ ಪಾಸ್‌ಪೋರ್ಟನ್ನೇ ಹಿಡಿಯಬೇಕೆಂಬುದು ಅಲ್ಲಿನ ಕಾನೂನು. ಅಜ್ಜಿಗೆ ಮಗು ತೋರಿಸಲು ಊರಿಗೆ ಹೊರಟರೂ ಮೊದಲು ಅದನ್ನು ಮಾಡಿಸಲೇಬೇಕು. ಅದನ್ನು ಮಾಡಿಸಿದ ಮೇಲೆ ‘ಬೇರೆ ಪಾಸ್‌ಪೋರ್ಟ್ ಇಲ್ಲ’ ಎಂದು ಬರೆದುಕೊಡಲಾಗದು. ಹೀಗಾಗಿ ತಂದೆ ತಾಯಿ ಭಾರತದ ಪಾಸ್‌ಪೋರ್ಟಿನಲ್ಲಿ, ಮಗು ಅಮೆರಿಕದ ಪಾಸ್‌ಪೋರ್ಟಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಕಾನೂನಿನ ಕಣ್ಣಿಗೆ ಆ ಮಗು ವಿದೇಶಿ.

ಎರಡನ್ನೂ ಇಟ್ಟುಕೊಳ್ಳಬಾರದೇ ಎಂಬುದು ಸಹಜ ಆಸೆ. ಹರಿಹರದ ಹರಿಹರೇಶ್ವರ ಒಂದೇ ಮೈಯಲ್ಲಿ ಎರಡು ದೇವರು. ಹೊಯ್ಸಳರ ದಂಡನಾಯಕ ಪೋಲಾಳ್ವ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಹರಿಯೂ ಹರನೂ ಜಗಳವಿಲ್ಲದೆ ನಿಂತಿದ್ದಾರೆ. ಭಾರತದ ಪೌರತ್ವ ಕಾನೂನು ಮಾತ್ರ ಆ ಉದಾರತೆಗೆ ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರಿಗೆ ಇಲ್ಲಿನದು ಹೋಗುತ್ತದೆ. 4ನೇ ಕಲಮಿನಡಿ ಭಾರತೀಯನಾದ ಮಗುವಿಗೆ ಇನ್ನೊಂದು ದೇಶದ ಪೌರತ್ವವೂ ಇದ್ದರೆ, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ.

ಹೆಸರಿಗೆ ಪೌರ

ವಿದೇಶಿ ಪಾಸ್‌ಪೋರ್ಟಿನ ಮಕ್ಕಳಿಗೆ ಬಹುಪಾಲು ಪಾಲಕರು ಮಾಡಿಸುವುದು ಓಸಿಐ ಕಾರ್ಡ್, ಅಂದರೆ ‘ಸಾಗರೋತ್ತರ ಭಾರತೀಯ ಪೌರ’ ಎಂಬ ಗುರುತು. 2006ರಲ್ಲಿ ಜಾರಿಗೆ ಬಂದ ಈ ಕಾರ್ಡಿನಿಂದ ಆಯುಷ್ಯಪೂರ್ತಿ ವೀಸಾ ತಾಪತ್ರಯವಿಲ್ಲ. ಬಂದು ಇರಬಹುದು, ಓದಬಹುದು, ಮನೆ ಕೊಳ್ಳಬಹುದು. ಆದರೆ ಹೆಸರಿನಲ್ಲಿ ‘ಪೌರ’ ಇದ್ದರೂ ಇದು ಪೌರತ್ವವಲ್ಲ. ಮತ ಹಾಕುವಂತಿಲ್ಲ. ಚುನಾವಣೆಗೆ ನಿಲ್ಲುವಂತಿಲ್ಲ. ಸಾಮಾನ್ಯವಾಗಿ ಸರ್ಕಾರಿ ನೌಕರಿ ಇಲ್ಲ. ಭದ್ರಾ ನಾಲೆಯ ಕೆಳಗೆ ಅಜ್ಜನ ಗದ್ದೆಯ ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದರೂ ಕೊಳ್ಳುವಂತಿಲ್ಲ.

ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುವುದು ಸೀಟಿನ ವಿಷಯ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಓಸಿಐ ವಿದ್ಯಾರ್ಥಿಗಳನ್ನು ಭಾರತೀಯರಿಗೆ ಸಮನಾಗಿ ಕಾಣಬೇಕೆಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತ್ತು. ಮೂರೇ ತಿಂಗಳಲ್ಲಿ, 2021ರ ಮಾರ್ಚ್ 4ರಂದು, ಕೇಂದ್ರ ಗೃಹ ಸಚಿವಾಲಯ ಹೊಸ ಅಧಿಸೂಚನೆ ಹೊರಡಿಸಿತು. ನೀಟ್, ಜೆಇಇ ಮುಂತಾದ ಪರೀಕ್ಷೆಗಳನ್ನು ಓಸಿಐ ಮಕ್ಕಳು ಬರೆಯಬಹುದು. ಆದರೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟಿಗೆ ಮಾತ್ರ ಅರ್ಹರು, ಭಾರತೀಯರಿಗೇ ಮೀಸಲಾದ ಸೀಟಿಗೆ ಅಲ್ಲ ಎಂದಿತು. ಎನ್‌ಆರ್‌ಐ ಸೀಟಿನ ಶುಲ್ಕ ಎಷ್ಟೆಂಬುದು ವೈದ್ಯಕೀಯ ಕಾಲೇಜುಗಳ ಊರಾದ ದಾವಣಗೆರೆಯ ಪಾಲಕರಿಗೆ ಹೇಳಿಕೊಡಬೇಕಿಲ್ಲ.

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಫೆಬ್ರುವರಿ 3ರ ತೀರ್ಪು ಮಧ್ಯದ ದಾರಿ ಹಿಡಿಯಿತು. ಈ ನಿರ್ಬಂಧ 2021ರ ಮಾರ್ಚ್ 4ರ ನಂತರ ಹೊರದೇಶದಲ್ಲಿ ಹುಟ್ಟಿದವರಿಗೆ ಮಾತ್ರ, ಅದಕ್ಕೆ ಮೊದಲು ಹುಟ್ಟಿದವರ ಹಳೆಯ ಹಕ್ಕು ಉಳಿಯುತ್ತದೆ ಎಂದಿತು. ಹಾಗಾಗಿ ಸದ್ಯ ಪಿಯುಸಿಯಲ್ಲಿರುವ ಓಸಿಐ ಮಕ್ಕಳು ಉಸಿರಾಡಬಹುದು. ಅವರ ಪುಟ್ಟ ತಮ್ಮ ತಂಗಿಯರು ಪಿಯುಸಿ ಮುಗಿಸುವುದು 2038–39ರ ಸುಮಾರಿಗೆ ಅಥವಾ ಅದಕ್ಕೂ ಮುಂದೆ. ಬಿಸಿ ತಟ್ಟುವುದು ಅವರಿಗೆ.

ಪೌರತ್ವವೊಂದಿದ್ದರೆ ಸಿಇಟಿ ಸೀಟು ಖಚಿತವೆಂದೂ ತಿಳಿಯಬೇಕಿಲ್ಲ. ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬುದು ಮುಖ್ಯ ಅರ್ಹತೆ. ಶಾರ್ಜಾದಲ್ಲಿ ಹನ್ನೆರಡನೆಯ ತರಗತಿವರೆಗೆ ಓದಿದ ಹುಡುಗ ಅಪ್ಪಟ ಭಾರತೀಯನಾದರೂ ಈ ಮೆಟ್ಟಿಲಲ್ಲಿ ಎಡವಬಹುದು. ಪೌರತ್ವ ಬೇರೆ, ವಾಸ್ತವ್ಯ ಬೇರೆ.

ಹಿಂದಿರುಗುವ ಬಾಗಿಲು

ತಂದೆ ತಾಯಿ ಬೇರೆ ದೇಶದವರಾದ ಮೇಲೆ ಮಗ ದೊಡ್ಡವನಾಗಿ ಭಾರತದ ಪೌರತ್ವ ಮರಳಿ ಕೇಳಬಹುದೇ? ಇಂಥದೊಂದು ಪ್ರಕರಣ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ದಂಪತಿ ಸಿಂಗಪುರದ ಪೌರತ್ವ ಪಡೆದಾಗ ಮಗು ಇನ್ನೂ ಗರ್ಭದಲ್ಲಿತ್ತು. ಬೆಳೆದ ಮಗ ಕಾಯ್ದೆಯ 8ನೇ ಕಲಮಿನಂತೆ ಪೌರತ್ವ ಪುನಃ ಪಡೆಯಲು ಅರ್ಜಿ ಹಾಕಿದ. ಮದ್ರಾಸ್ ಹೈಕೋರ್ಟ್ ಒಪ್ಪಿತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಘೋಷಣೆ ಬರೆದುಕೊಟ್ಟು ಪೌರತ್ವ ತ್ಯಜಿಸಿದವರ ಮಕ್ಕಳಿಗಷ್ಟೇ ಆ ಬಾಗಿಲು. ಬೇರೆ ಪೌರತ್ವ ಪಡೆದಿದ್ದರಿಂದ ತಾನಾಗಿಯೇ ಕಳೆದುಕೊಂಡವರ ಮಕ್ಕಳಿಗೆ ಅಲ್ಲ ಎಂದಿತು. ಹೊರಗೆ ನೆಲೆಸಿದ ಹೆಚ್ಚಿನ ಕುಟುಂಬಗಳು ಈ ಎರಡನೆಯ ಗುಂಪಿನವೇ.

ಆದರೆ 5ನೇ ಕಲಮಿನ ಬಾಗಿಲು ತೆರೆದಿದೆ. ಭಾರತೀಯ ಪೌರರ ಅಪ್ರಾಪ್ತ ಮಕ್ಕಳನ್ನು ಪೌರರನ್ನಾಗಿ ನೋಂದಾಯಿಸಲು ಅರ್ಜಿ ಹಾಕಬಹುದು. ಅಮೆರಿಕದಿಂದ ಮರಳಿ ಊರಲ್ಲಿ ನೆಲೆಸಿದ, ಇನ್ನೂ ಭಾರತೀಯರಾಗಿರುವ ದಂಪತಿಗಳಿಗೆ ಇದು ದಾರಿ. ವಯಸ್ಕರಾದರೆ, ಐದು ವರ್ಷ ಓಸಿಐ ಆಗಿದ್ದು ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಭಾರತದಲ್ಲಿ ವಾಸವಿದ್ದವರು ಕೇಳಬಹುದು. ಎರಡರಲ್ಲೂ ಇನ್ನೊಂದು ದೇಶದ ಪೌರತ್ವ ಬಿಡಬೇಕಾಗುತ್ತದೆ.

ಪಾಲಕರು ಗಮನಿಸಬೇಕಾದ್ದು

ಊರು ಬಿಡುವ ಮೊದಲೇ ಮದುವೆಯ ನೋಂದಣಿ ಮಾಡಿಸಿ. ಪಾಸ್‌ಪೋರ್ಟಿನಲ್ಲಿ ಗಂಡ ಹೆಂಡತಿಯ ಹೆಸರು ಒಬ್ಬರದು ಇನ್ನೊಬ್ಬರದರಲ್ಲಿ ಸೇರಿರಲಿ. ಇನಿಷಿಯಲ್, ಅಪ್ಪನ ಹೆಸರು, ಊರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಬಗೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಹೆರಿಗೆಯಾದ ಕೂಡಲೇ ಅಲ್ಲಿನ ಜನನ ಪ್ರಮಾಣಪತ್ರ ಪಡೆದು, ಭಾರತದ ಕಚೇರಿಗೆ ಅರ್ಜಿ ಸಲ್ಲಿಸಿ. ಮೊದಲ ಹುಟ್ಟುಹಬ್ಬದ ಕೇಕ್ ಕತ್ತರಿಸುವ ಹೊತ್ತಿಗೆ ಗಡುವು ಮುಗಿದಿರುತ್ತದೆ ಎಂಬುದು ನೆನಪಿರಲಿ.

ನೋಂದಣಿ ಮಾಡಿಸದೆ ಖಾಯಂ ಆಗಿ ಮರಳಿ ಬಂದವರು, ಮಗು ಭಾರತಕ್ಕೆ ಬಂದ 60 ದಿನಗಳೊಳಗೆ ಜನನವನ್ನು ಇಲ್ಲಿಯೇ ದಾಖಲಿಸಲು 1969ರ ಜನನ ಮರಣ ನೋಂದಣಿ ಕಾಯ್ದೆ ಅವಕಾಶ ಕೊಟ್ಟಿದೆ. ದಾವಣಗೆರೆಯವರಿಗೆ ಮಹಾನಗರ ಪಾಲಿಕೆ, ಹರಿಹರದವರಿಗೆ ನಗರಸಭೆ. ಆದರೆ ಇದು ಜನನದ ದಾಖಲೆಯೇ ಹೊರತು ಪೌರತ್ವದ ನೋಂದಣಿಯಲ್ಲ. ಎರಡನ್ನೂ ಒಂದೇ ಎಂದು ತಿಳಿದು ಸುಮ್ಮನಾದರೆ ಮುಂದೆ ಪೇಚಾಟ. ದಾವಣಗೆರೆಯ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಕೊಡಬಹುದು. 4ನೇ ಕಲಮಿನ ನೋಂದಣಿ ಅಲ್ಲಿ ಆಗುವುದಿಲ್ಲ.

ಇನ್ನು, ಹದಿನೆಂಟರ ಹೊಸ್ತಿಲಲ್ಲಿರುವ ವಿದ್ಯಾರ್ಥಿಗಳಿಗೆ. ಎರಡು ದೇಶಗಳ ನಂಟಿರುವವರು ತಮ್ಮ ಪಾಸ್‌ಪೋರ್ಟ್, ಜನನ ಪತ್ರಗಳನ್ನು ಒಮ್ಮೆ ಬೀರುವಿನಿಂದ ತೆಗೆಸಿ ಓದಿಕೊಳ್ಳಲಿ. ಎಲ್ಲಿ ಹುಟ್ಟಬೇಕೆಂಬುದನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಯಾವ ದೇಶದವರಾಗಿ ಬಾಳಬೇಕೆಂಬುದನ್ನು ಮಾತ್ರ ಕಾನೂನು ಅವರಿಗೇ ಬಿಟ್ಟಿದೆ. ಆರು ತಿಂಗಳ ಗಡುವು ಇರುವವರು ಅದು ಮುಗಿಯುವ ಮೊದಲು ಮನೆಯವರೊಡನೆ ಕೂತು ಯೋಚಿಸಿ ತೀರ್ಮಾನಿಸಲಿ.