ಹಳೆಯ ಕ್ಲಾರಿಯೋನೆಟ್ಟಿನ ಬೆಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಮದುವೆಯ ದಿಬ್ಬಣಕ್ಕೂ ಇಗರ್ಜಿಯ ಹಬ್ಬಕ್ಕೂ ನುಡಿಸಿದ ಬ್ಯಾಂಡುಗಾರರ ಮನೆಗಳಲ್ಲಿ ಹಳೆಯ ಕ್ಲಾರಿಯೋನೆಟ್ಟೊಂದು ಅಟ್ಟದ ಮೇಲೆ ಉಳಿದಿರುವುದುಂಟು. ನುಡಿಸುತ್ತಿದ್ದವರು ತೀರಿಹೋದ ಬಳಿಕ ಮನೆಯವರು ಅದನ್ನು ಮಾರಲು ಹೊರಟರೆ ಗುಜರಿಯವನು ಹೇಳುವ ಬೆಲೆಯೇ ಬೇರೆ, ಪುರಾತನ ವಸ್ತುಗಳ ವ್ಯಾಪಾರಿ ಹೇಳುವುದೇ ಬೇರೆ. ಎರಡನ್ನೂ ನಂಬುವ ಮುನ್ನ ವಾದ್ಯವನ್ನೇ ಪರೀಕ್ಷಿಸುವುದು ಲೇಸು.

ಹಳತಾದಷ್ಟೂ ಬೆಲೆ ಏರುವುದೆಂದು ಪಿಟೀಲಿನ ವಿಷಯದಲ್ಲಿ ಹೇಳುವ ಮಾತು ಇದಕ್ಕೆ ಒಪ್ಪದು. ಉಸಿರಿನ ತೇವದಿಂದ ಸವೆಯುವ ವಾದ್ಯವಿದು.

ಮೊತ್ತಮೊದಲು ನೋಡತಕ್ಕುದು ಶ್ರುತಿ. ಇಂದು ಲೋಕದಲ್ಲಿ ಬಳಕೆಯಲ್ಲಿರುವ 440 ಕಂಪನಗಳ ಮಟ್ಟವು 1939ರಲ್ಲಿ ನಿಶ್ಚಯವಾಯಿತು. ಅದಕ್ಕೆ ಹಿಂದೆ ಬ್ರಿಟಿಷ್ ಸೇನೆಯ ಬ್ಯಾಂಡುಗಳು ಸುಮಾರು 452ರ ಏರುಶ್ರುತಿಯಲ್ಲಿ ನುಡಿಸುತ್ತಿದ್ದವು. ಅಂತಹ ವಾದ್ಯದ ಮೈಮೇಲೆ ಅನೇಕ ವೇಳೆ ‘ಎಚ್.ಪಿ.’ ಎಂಬ ಅಕ್ಷರಗಳಿರುತ್ತವೆ, ‘ಎಲ್.ಪಿ.’ ಎಂದಿದ್ದರೆ ಇಳಿಶ್ರುತಿ. ಏರುಶ್ರುತಿಯ ವಾದ್ಯ ತುಸು ಗಿಡ್ಡ. ಕೀಲುಗಳನ್ನು ಎಳೆದು ಉದ್ದ ಮಾಡಿದರೆ ಕೆಲವು ಸ್ವರಗಳು ಹೆಚ್ಚು ಇಳಿದು ಕೆಲವು ಇಳಿಯದೆ ಉಳಿದು ಸ್ವರಾಂತರವೇ ಕೆಡುತ್ತದೆ. ಒಂಟಿಯಾಗಿ ಕಚೇರಿ ಮಾಡುವವನು ಶ್ರುತಿಯನ್ನೇ ವಾದ್ಯಕ್ಕೆ ಹೊಂದಿಸಿಕೊಂಡಾನು. ಹತ್ತು ಜನರೊಡನೆ ನುಡಿಸುವ ಬ್ಯಾಂಡಿನ ಹುಡುಗನಿಗೆ ಆ ಸ್ವಾತಂತ್ರ್ಯವೆಲ್ಲಿ? ಕೂಡಿಟ್ಟ ಹಣವೆಲ್ಲ ಹೋದಂತೆಯೇ ಸರಿ.

ಮರದ ವಾದ್ಯ ಸಾಮಾನ್ಯವಾಗಿ ಆಫ್ರಿಕದ ಕಪ್ಪುಮರದ್ದು. ಎಬೊನೈಟಿನದಾದರೆ ಬಿಸಿಲಿಗೆ ಹಸಿರುಗಂದಾಗುತ್ತದೆ, ಉಜ್ಜಿದರೆ ಗಂಧಕದ ವಾಸನೆ ಕೊಡುತ್ತದೆ. ಮರದಲ್ಲಿ ಬಿರುಕನ್ನು ಮೇಲಿನ ತುಂಡಿನಲ್ಲಿ ಹುಡುಕಬೇಕು. ಸ್ವರರಂಧ್ರವನ್ನು ಹಾದುಹೋದ ಬಿರುಕು ಬೆಲೆಯನ್ನು ಬಹಳವಾಗಿ ತಗ್ಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಪ್ಯಾಡುಗಳು ಉಬ್ಬುವುದೂ ಕಡಲಗಾಳಿಗೆ ಉಕ್ಕಿನ ಸೂಜಿಸ್ಪ್ರಿಂಗುಗಳು ತುಕ್ಕು ಹಿಡಿಯುವುದೂ ಸಹಜ. ಇವನ್ನು ಬದಲಿಸಬಹುದಾದುದರಿಂದ ಹೆದರಬೇಕಾಗಿಲ್ಲ, ಖರ್ಚನ್ನು ಕಳೆಯಬೇಕು ಅಷ್ಟೆ. ಪ್ಯಾಡುಗಳ ಪರೀಕ್ಷೆ ಸುಲಭ: ಒಂದು ತುಂಡಿನ ರಂಧ್ರಗಳನ್ನೂ ಕೆಳಬಾಯಿಯನ್ನೂ ಮುಚ್ಚಿ ಮೇಲಿನಿಂದ ಗಾಳಿ ಹೀರಿದರೆ ಅದು ತುಟಿಗೆ ಕ್ಷಣಕಾಲ ಅಂಟಿ ನಿಲ್ಲಬೇಕು.

ಹೆಸರಿಗೂ ಬೆಲೆಯುಂಟು. ಪ್ಯಾರಿಸಿನ ಬುಫೆ, ಸೆಲ್ಮರ್ ಮನೆಗಳ ವಾದ್ಯಗಳ ಕ್ರಮಸಂಖ್ಯೆಯಿಂದ ಅವುಗಳ ಕಾಲವನ್ನು ಅಂದಾಜು ಮಾಡಬಹುದು. ಬೋಮ್ ಪದ್ಧತಿಗೆ ಗಿರಾಕಿ ಹೆಚ್ಚು. ಆದರೂ ಕಡಮೆ ಉಂಗುರಗಳುಳ್ಳ ಹಳೆಯ ಆಲ್ಬರ್ಟ್ ಪದ್ಧತಿಯಲ್ಲಿ ಬೆರಳು ರಂಧ್ರದ ಮೇಲೆ ಜಾರುವುದು ಸಲೀಸು; ಗಮಕ ಬಲ್ಲವನು ಅದನ್ನು ಅಗ್ಗವೆಂದು ತಳ್ಳಿಹಾಕುವುದಿಲ್ಲ.

ಮಾರುವವರು ಹೊಳಪಿನ ಆಸೆಗೆ ಮೈಯನ್ನು ಮರಳುಕಾಗದದಿಂದ ಉಜ್ಜಕೂಡದು. ಅಕ್ಷರವೂ ಸಂಖ್ಯೆಯೂ ಅಳಿಸಿದರೆ ವಾದ್ಯದ ಗುರುತೇ ಹೋಗುತ್ತದೆ.