ಹಳೆಯ ಓಟದ ಸೈಕಲ್ಲಿನ ಜೀರ್ಣೋದ್ಧಾರ

ಬೆಳಗಿನ ಐದೂವರೆಯ ಹೊತ್ತಿಗೆ ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ ನಿಂತವರಿಗೆ ಒಂದು ನೋಟವು ಕಾಣದೆ ಇರದು. ಎರೆಯ ಹೊಲಗಳ ಮೇಲೆ ಇನ್ನೂ ಮಬ್ಬುಗತ್ತಲೆ ಕವಿದಿರುತ್ತದೆ. ಅಷ್ಟರಲ್ಲಿ ಎಂಟು ಹತ್ತು ಮಂದಿ ಹುಡುಗ ಹುಡುಗಿಯರು ಒಬ್ಬರ ಹಿಂದೊಬ್ಬರು ಬೆನ್ನು ಬಾಗಿಸಿ, ಸರಪಳಿಯ ಸಣ್ಣ ಸಪ್ಪಳವೊಂದನ್ನೇ ಉಳಿಸಿ ಗಾಳಿಯಂತೆ ಹಾದುಹೋಗುತ್ತಾರೆ. ನಮ್ಮ ಜಿಲ್ಲೆಯು ಗೋಳಗುಮ್ಮಟಕ್ಕೆ ಹೆಸರಾದಂತೆ ಸೈಕಲ್ ಸವಾರರಿಗೂ ಹೆಸರಾದುದು. ಇಲ್ಲಿಯ ಕ್ರೀಡಾ ವಸತಿನಿಲಯದಲ್ಲಿದ್ದು ಓದುತ್ತ ಸವಾರಿಯನ್ನು ಕಲಿತು ರಾಷ್ಟ್ರಮಟ್ಟದ ಪದಕಗಳನ್ನು ತಂದವರು ಒಬ್ಬಿಬ್ಬರಲ್ಲ. ಅವರಲ್ಲಿ ಬಹುಮಂದಿ ಒಕ್ಕಲುತನದವರ ಮನೆಯ ಮಕ್ಕಳು. ಗುಡ್ಡವಿಲ್ಲದ ನೇರವಾದ ರಸ್ತೆಯನ್ನೂ ಎದುರುಗಾಳಿಯನ್ನೂ ಈ ಭೂಮಿಯು ಅವರಿಗೆ ಪುಕ್ಕಟೆಯಾಗಿ ಕೊಟ್ಟಿದೆ. ಪುಕ್ಕಟೆಯಾಗಿ ಸಿಕ್ಕದಿರುವುದು ಸೈಕಲ್ಲೊಂದೇ.

ಇಂದು ಓಟದ ಸೈಕಲ್ಲಿನ ಬೆಲೆಯನ್ನು ಕೇಳಿದರೆ ಗೃಹಸ್ಥನಾದವನ ಎದೆ ನಡುಗುತ್ತದೆ. ಇಂಗಾಲದ ನಾರಿನಿಂದ ಮಾಡಿದ ಉತ್ತಮ ತರಗತಿಯ ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿಗಳು. ಆದರೆ ಈ ಸೀಮೆಯ ಕೆಲವು ಮನೆಗಳ ಅಟ್ಟದ ಮೇಲೆ, ಹಿಂದಿನ ತಲೆಮಾರಿನವರು ಓಡಿಸಿದ ಉಕ್ಕಿನ ಸೈಕಲ್ಲುಗಳು ಧೂಳು ಹಿಡಿದು ಕುಳಿತಿರುವುದುಂಟು. ಅವುಗಳಿಗೆ ಈ ಕಾಲದ ಗೇರುಗಳನ್ನೂ ಹಿಡಿಗಳನ್ನೂ ಜೋಡಿಸಿ ಮಕ್ಕಳ ಕೈಗೆ ಕೊಡಬಹುದೇ ಎಂಬುದು ವಿಚಾರಣೀಯವಾದ ಪ್ರಶ್ನೆ. ಕಳೆದ ವರ್ಷ ಇದು ನಮ್ಮ ಮನೆಯ ಪ್ರಶ್ನೆಯೇ ಆಯಿತಾದ್ದರಿಂದ, ವ್ಯಾಕರಣವನ್ನು ಕಲಿಸುತ್ತ ಆಯುಷ್ಯವನ್ನು ಕಳೆದ ನಾನು ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ತಮ್ಮನು ತಾರುಣ್ಯದಲ್ಲಿ ಒಳ್ಳೆಯ ಸವಾರನಾಗಿದ್ದನು. 1988ರಲ್ಲಿ ರೈಲ್ವೆಯ ನೌಕರಿಯಲ್ಲಿದ್ದ ಹಿರಿಯ ಸವಾರರೊಬ್ಬರಿಂದ ಪರದೇಶದ ಉಕ್ಕಿನ ಸೈಕಲ್ಲೊಂದನ್ನು ಅವನು ಎರಡನೆಯ ಕೈಯಲ್ಲಿ ಕೊಂಡನು. ತಂದೆಯವರು ಅದಕ್ಕಾಗಿ ಎರಡು ಎತ್ತುಗಳಲ್ಲಿ ಒಂದನ್ನು ಮಾರಿದರು. ಮೂರು ವರ್ಷ ಅವನು ಅದನ್ನು ಪ್ರಾಣದಂತೆ ನೋಡಿಕೊಂಡನು. 1991ರಲ್ಲಿ ಒಂದು ಮುಂಜಾನೆ ಬಬಲೇಶ್ವರದ ರಸ್ತೆಯಲ್ಲಿ, ಸಾರವಾಡದ ಹತ್ತಿರ ಡೋಣಿಯ ಕಡೆಗೆ ಇಳಿಯುವಾಗ, ಗೇರು ಬದಲಿಸಲೆಂದು ಬಲಗೈಯನ್ನು ಕೆಳಗೆ ಚಾಚಿದನು. ಅದೇ ಕ್ಷಣದಲ್ಲಿ ಮುಂದಿನ ಗಾಲಿಯು ತೆಗ್ಗಿಗೆ ಬಿದ್ದಿತು. ಒಂದೇ ಕೈಯಲ್ಲಿ ಹಿಡಿದಿದ್ದ ಹ್ಯಾಂಡಲ್ಲು ತಿರುಗಿತು. ಭುಜದ ಎಲುಬು ಮುರಿದು, ಸರಿಯಾಗಿ ಕೂಡದೆ, ಅವನ ಓಟವು ಅಲ್ಲಿಗೇ ಮುಗಿಯಿತು. ಸೈಕಲ್ಲು ಅಟ್ಟವನ್ನು ಸೇರಿತು.

ಈಗ ಅವನ ಕಿರಿಯ ಮಗಳಿಗೆ ಹದಿನಾಲ್ಕು ವರ್ಷ. ಕ್ರೀಡಾ ವಸತಿನಿಲಯದ ಆಯ್ಕೆಗೆ ಹೋಗಬೇಕೆಂದು ಅವಳ ಹಟ. ಅಟ್ಟದ ಮೇಲಿನ ಸೈಕಲ್ಲನ್ನು ಕೇಳಿದ್ದಕ್ಕೆ ತಂದೆಯು ಮುಖ ತಿರುವಿದನು. ಅವಳು ನನ್ನ ಬಳಿಗೆ ಬಂದಳು.

“ದೊಡ್ಡಪ್ಪಾ, ನೀವರ ಅಪ್ಪಗ ಹೇಳ್ರಿ.”

ನಾನು ಹೇಳಿದೆನು. ತಮ್ಮನು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣಾ, ಅದಕ್ಕ ಕೈ ಹಚ್ಚಬ್ಯಾಡ. ಅದು ಇದ್ದಂಗ ಇರಲಿ,” ಎಂದನು. ಸೈಕಲ್ಲು ಕೆಡುವುದೆಂಬ ಭಯವೋ, ಮಗಳು ಬೀಳುವಳೆಂಬ ಭಯವೋ ಆಗ ನನಗೆ ತಿಳಿಯಲಿಲ್ಲ. ಎರಡೂ ಇದ್ದವೆಂದು ಈಗ ತೋರುತ್ತದೆ.

ಇಲ್ಲಿ ಹಳೆಯ ರಚನೆಯ ದೋಷವನ್ನು ವಾಚಕರು ತಿಳಿಯಬೇಕು. ಅಂದಿನ ಓಟದ ಸೈಕಲ್ಲುಗಳಲ್ಲಿ ಗೇರು ಬದಲಿಸುವ ಎರಡು ಪುಟ್ಟ ಹಿಡಿಗಳು ಚೌಕಟ್ಟಿನ ಕೆಳಗಿನ ಓರೆಕೊಳವೆಯ ಮೇಲೆ, ಮೊಣಕಾಲಿನ ಹತ್ತಿರ ಇರುತ್ತಿದ್ದವು. ಗೇರು ಬೇಕಾದಾಗಲೆಲ್ಲ ಒಂದು ಕೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಬಾಗಬೇಕು. ಹಿಡಿಯು ಬರಿಯ ಬಿಗಿತದಿಂದ ನಿಲ್ಲುವುದೇ ಹೊರತು ಅದಕ್ಕೆ ನಿಗದಿಯಾದ ಮೆಟ್ಟಿಲುಗಳಿರಲಿಲ್ಲ. ಸರಪಳಿಯು ಹಲ್ಲಿನ ಮೇಲೆ ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಸಪ್ಪಳದಿಂದಲೇ ಅರಿಯಬೇಕು. ನುರಿತವರಿಗೆ ಇದು ಸುಲಭ. ಆದರೆ ತೆಗ್ಗಿನ ರಸ್ತೆಯಲ್ಲಿ, ಗುಂಪಿನ ನಡುವೆ, ಒಂದು ಕೈ ಹಿಡಿಯನ್ನು ಬಿಟ್ಟಿರುವ ಆ ಕ್ಷಣದಲ್ಲಿ ನೈಪುಣ್ಯವೊಂದೇ ಸಾಲದು.

ಹೊಸದನ್ನು ಹಳಬರು ಒಪ್ಪದಿರುವುದು ಗೇರುಗಳ ಇತಿಹಾಸದಲ್ಲಿ ಮೊದಲಿನಿಂದಲೂ ಬಂದದ್ದೇ. ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ ಎಂಬ ಪತ್ರಿಕಾ ಸಂಪಾದಕನು ಒಂದಕ್ಕಿಂತ ಹೆಚ್ಚು ಗೇರುಗಳಿರಬೇಕೆಂದು ವರ್ಷಗಟ್ಟಲೆ ವಾದಿಸಿದನು. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಎಂಬ ಮಹಾಸ್ಪರ್ಧೆಯ ಸ್ಥಾಪಕನಾದ ಆನ್ರಿ ದೆಗ್ರಾಂಜನು ಅದಕ್ಕೆ ವಿರೋಧಿಯಾಗಿದ್ದನು. ಗೇರು ಬದಲಿಸುವುದು ವಯಸ್ಸಾದವರಿಗೆ ತಕ್ಕುದೆಂದು ಅವನ ಮತ. ಹೀಗಾಗಿ 1937ರ ವರೆಗೆ ಆ ಸ್ಪರ್ಧೆಯ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ಹಿಂದುಮುಂದಾಗಿಸಿ ಹಾಕಿಕೊಳ್ಳುತ್ತಿದ್ದರು. ಜಪಾನಿನ ಸಕಾಯಿ ಪಟ್ಟಣದಲ್ಲಿ 1921ರಲ್ಲಿ ಕಮ್ಮಾರಸಾಲೆಯಾಗಿ ಹುಟ್ಟಿದ ಶಿಮಾನೊ ಸಂಸ್ಥೆಯು 1980ರ ದಶಕದ ನಡುವಿನಲ್ಲಿ, ಒಂದು ಟಿಕ್ಕಿಗೆ ಒಂದು ಗೇರು ಬದಲುವ ವ್ಯವಸ್ಥೆಯನ್ನು ಓಟದ ಸೈಕಲ್ಲುಗಳಿಗೆ ತಂದಿತು. 1990ರಲ್ಲಿ ಅದೇ ಸಂಸ್ಥೆಯು ಬ್ರೇಕಿನ ಹಿಡಿಯನ್ನೂ ಗೇರಿನ ಹಿಡಿಯನ್ನೂ ಒಂದುಗೂಡಿಸಿತು. ಎರಡು ವರ್ಷದ ತರುವಾಯ ಇಟಲಿಯ ಕಂಪಾನ್ಯೋಲೊ ಸಂಸ್ಥೆಯೂ ಅದನ್ನೇ ತನ್ನ ರೀತಿಯಲ್ಲಿ ಮಾಡಿತು. ಅಲ್ಲಿಂದ ಮುಂದೆ ಗೇರಿಗಾಗಿ ಸವಾರನು ಹ್ಯಾಂಡಲ್ಲಿನಿಂದ ಕೈ ತೆಗೆಯುವ ಕಾರಣ ಉಳಿಯಲಿಲ್ಲ. ತಮ್ಮನನ್ನು ಬೀಳಿಸಿದ ದೋಷಕ್ಕೆ ಅವನು ಬೀಳುವ ಒಂದು ವರ್ಷ ಮೊದಲೇ ಪರಿಹಾರವು ಹುಟ್ಟಿತ್ತು. ಆಗಿನ ಬಿಜಾಪುರದ ನಮಗೆ ಅದು ತಲುಪಿರಲಿಲ್ಲ, ಅಷ್ಟೆ.

ಈ ಮಾತನ್ನು ತಿಳಿಸಿ ಹೇಳಿದ ಮೇಲೆ ತಮ್ಮನು ಒಂದು ಷರತ್ತಿನ ಮೇಲೆ ಒಪ್ಪಿದನು. ಕೆಲಸವು ತನ್ನ ಕಣ್ಣೆದುರಿಗೆ ಆಗತಕ್ಕದ್ದು, ಚೌಕಟ್ಟನ್ನು ಬದಲಿಸತಕ್ಕದ್ದಲ್ಲ. ಇಬ್ಬರೂ ಸೈಕಲ್ಲನ್ನು ಇಳಿಸಿ, ಸ್ಪರ್ಧೆಯ ಯಂತ್ರಗಳ ಕೆಲಸ ಬಲ್ಲ ಮಿಸ್ತ್ರಿಯೊಬ್ಬರಲ್ಲಿಗೆ ಒಯ್ದೆವು. ಅವರು ಪೆಟ್ಟಿಗೆಯಿಂದ ಹೊಸ ಸಾಮಾನನ್ನು ತೆಗೆಯಲೇ ಇಲ್ಲ. “ಸರ, ಮೊದಲ ಎಲುಬು ನೋಡೂಣು, ಆಮ್ಯಾಲೆ ಬಟ್ಟಿ,” ಎಂದರು.

ಅವರ ಈ ಕ್ರಮವೇ ಸರಿಯಾದುದು. ಕೊಳವೆಗಳು ಕೂಡುವ ಸಂಧಿಗಳಲ್ಲಿ ಬಣ್ಣದ ಕೆಳಗೆ ಕೂದಲೆಳೆಯಂಥ ಬಿರುಕಿದೆಯೇ, ಪೆಡಲಿನ ಅಚ್ಚು ಕೂಡುವಲ್ಲಿ ಒಳಗಿನಿಂದ ತುಕ್ಕು ತಿಂದಿದೆಯೇ, ಬಿದ್ದ ಪೆಟ್ಟಿಗೆ ಮುಂದಿನ ಕವಲು ಬಾಗಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದಿದ್ದರೂ ಅಂಥ ಸೈಕಲ್ಲಿಗೆ ಹೊಸ ಗೇರು ಹಾಕುವುದು ಹೆಣಕ್ಕೆ ಶೃಂಗಾರ ಮಾಡಿದಂತೆ. ನಮ್ಮದರ ಕವಲು ಸ್ವಲ್ಪ ಬಾಗಿತ್ತು. ಮಿಸ್ತ್ರಿಯವರು ಅದನ್ನು ನೆಟ್ಟಗೆ ಮಾಡಲು ಒಪ್ಪದೆ, ಬೇರೆ ಉಕ್ಕಿನ ಕವಲನ್ನೇ ಹುಡುಕಿ ಹಾಕಿದರು. ಚೌಕಟ್ಟು ಮಾತ್ರ ದೃಢವಾಗಿತ್ತು.

ಮುಂದಿನದು ಅಳತೆಯ ವಿಷಯ. ಹಿಂದಿನ ಗಾಲಿಯು ಕೂಡುವ ಎರಡು ಕಾಲುಗಳ ನಡುವಿನ ಅಂತರವು ಆರು ಹಲ್ಲುಚಕ್ರಗಳ ಕಾಲದಲ್ಲಿ 126 ಮಿಲಿಮೀಟರು ಇರುತ್ತಿತ್ತು. ಎಂಟು ಚಕ್ರಗಳ ಗಾಲಿಗೆ 130 ಬೇಕು. ಉಕ್ಕು ಬಾಗಿ ನಿಲ್ಲಬಲ್ಲ ಲೋಹವಾದ್ದರಿಂದ ಎರಡೂ ಕಡೆ ಎರಡೆರಡು ಮಿಲಿಮೀಟರು ಅಗಲಿಸಬಹುದು. ಅಲ್ಯೂಮಿನಿಯಮಿನಲ್ಲಾಗಲಿ ಇಂಗಾಲದ ನಾರಿನಲ್ಲಾಗಲಿ ಈ ಸಾಹಸ ಸಲ್ಲದು. ಅವು ಬಾಗವು, ಒಡೆಯುತ್ತವೆ. ಉದ್ದನೆಯ ಮರೆಯ ಸರಳಿಗೆ ನಟ್ಟುಗಳನ್ನು ಹಾಕಿ ಕಾಲುಗಳನ್ನು ಮೆಲ್ಲಗೆ ಅಗಲಿಸಿದ ಮೇಲೆ, ಹಿಂದಿನ ಒಂದು ಕಾಲಿನಿಂದ ದಾರವನ್ನು ಹಿಡಿದು ಮುಂದಿನ ತಲೆಕೊಳವೆಯನ್ನು ಸುತ್ತಿಸಿ ಇನ್ನೊಂದು ಕಾಲಿಗೆ ಕಟ್ಟಿದರು. ಆಸನದ ಕೊಳವೆಯಿಂದ ದಾರದ ಎರಡು ಎಳೆಗಳಿಗೂ ಇರುವ ದೂರವು ಸಮನಾಗಿದ್ದರೆ ಚೌಕಟ್ಟು ನೇರವಾಗಿದೆಯೆಂದು ಅರ್ಥ. ಒಂದು ದಾರದಿಂದ ಆಗುವ ಈ ರೇಖಾಗಣಿತವನ್ನು ಕಂಡು, ಶಾಲೆಯಲ್ಲಿದ್ದಾಗ ಇದು ಗೊತ್ತಿದ್ದರೆ ಮಕ್ಕಳಿಗೆ ತೋರಿಸಬಹುದಿತ್ತಲ್ಲ ಎಂದುಕೊಂಡೆನು.

ಮೂರನೆಯದು ಗಾಲಿ ಮತ್ತು ಬ್ರೇಕು. ಗೇರಿಗಿಂತ ಮೊದಲು ಇದೇ ಆಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹಳೆಯ ಗಾಲಿಗೆ ಉಕ್ಕಿನ ರಿಮ್ಮುಗಳಿದ್ದವು. ನೀರು ತಾಗಿದರೆ ಅವುಗಳ ಮೇಲೆ ಬ್ರೇಕು ಹಿಡಿಯುವುದು ಬಹಳ ಕಡಿಮೆ. ಅಲ್ಯೂಮಿನಿಯಮಿನ ರಿಮ್ಮಿನಲ್ಲಿ ಆ ದೋಷವು ಎಷ್ಟೋ ತಗ್ಗುತ್ತದೆ. ಆದರೆ ಹಳೆಯ 27 ಇಂಚಿನ ರಿಮ್ಮಿಗೆ ಟೈರು ಕೂಡುವ ವ್ಯಾಸವು 630 ಮಿಲಿಮೀಟರು, ಇಂದಿನ 700 ಸಿ ಎಂಬುದಕ್ಕೆ 622. ಆದ್ದರಿಂದ ಬ್ರೇಕಿನ ರಬ್ಬರು ನಾಲ್ಕು ಮಿಲಿಮೀಟರು ಕೆಳಗಿಳಿಯಬೇಕು. ತೋಳು ಉದ್ದವಾದ ಬ್ರೇಕನ್ನೇ ಕೊಳ್ಳಬೇಕು. ಇನ್ನೊಂದು ಎಚ್ಚರಿಕೆಯೂ ಉಂಟು. ಹೊಸ ಹಿಡಿಯು ತಂತಿಯನ್ನು ಎಳೆಯುವ ಪ್ರಮಾಣ ಬೇರೆ. ಹಳೆಯ ಬ್ರೇಕಿಗೆ ಅದನ್ನು ಕಟ್ಟಿದರೆ ಎಷ್ಟು ಹಿಂಡಿದರೂ ಸಾಕಷ್ಟು ಬಲ ಸಿಗದೆ ಇರಬಹುದು. ಹಿಡಿ ಹೊಸದಾದರೆ ಬ್ರೇಕೂ ಅದಕ್ಕೆ ಜೊತೆಯಾದುದೇ ಇರಲಿ.

ಆಮೇಲೆ ಗೇರು. ಇಂದು ಹನ್ನೊಂದು, ಹನ್ನೆರಡು ಹಲ್ಲುಚಕ್ರಗಳ ಗಾಲಿಗಳು ಬಂದಿವೆ. ವಿದ್ಯುತ್ತಿನಿಂದ ಗೇರು ಬದಲಿಸುವವೂ ಇವೆ. ನಾವು ಎಂಟರದ್ದನ್ನು ಆರಿಸಿದೆವು. ಚಕ್ರಗಳು ಹೆಚ್ಚಿದಂತೆ ಸರಪಳಿಯು ತೆಳುವಾಗುತ್ತದೆ, ಬೆಲೆ ಏರುತ್ತದೆ, ಹೊಂದಿಕೆಯು ಸೂಕ್ಷ್ಮವಾಗುತ್ತದೆ. ಎಂಟರಲ್ಲಿ ಚಕ್ರದಿಂದ ಚಕ್ರಕ್ಕೆ 4.8 ಮಿಲಿಮೀಟರು ಅಂತರ. ನಮ್ಮ ಎರೆಯ ಧೂಳನ್ನೂ ಕೆಸರನ್ನೂ ಅದು ಸಹಿಸಿಕೊಳ್ಳುತ್ತದೆ. ಹಿಡಿಯ ಒಂದು ಟಿಕ್ಕಿಗೆ ಎಳೆಯಲ್ಪಡುವ ತಂತಿ, ಅದರಿಂದ ಹಿಂದಿನ ಡಿರೇಲರ್ ಸರಿಯುವ ದೂರ, ಚಕ್ರಗಳ ಅಂತರ, ಈ ಮೂರೂ ಒಂದಕ್ಕೊಂದು ಒಪ್ಪಬೇಕು. ಆದಕಾರಣ ಇವನ್ನು ಒಂದೇ ಸಂಸ್ಥೆಯ ಒಂದೇ ಮಾಲಿಕೆಯಲ್ಲಿ ಕೊಳ್ಳುವುದು ಕ್ಷೇಮ. ಓರೆಕೊಳವೆಯ ಮೇಲೆ ಹಳೆಯ ಹಿಡಿಗಳಿದ್ದ ಗುಬಟಿಗಳಿಗೆ ತಂತಿಯನ್ನು ತಡೆಯುವ ಪುಟ್ಟ ತುಣುಕುಗಳನ್ನು ಜೋಡಿಸಿದರಾಯಿತು. ಚೌಕಟ್ಟಿಗೆ ಒಂದು ತೂತೂ ಕೊರೆಯಬೇಕಿಲ್ಲ.

ಪೆಡಲಿನ ಬಳಿಯ 52 ಮತ್ತು 42 ಹಲ್ಲಿನ ಹಳೆಯ ಚಕ್ರಗಳು ಸವೆದಿರಲಿಲ್ಲ, ಅವನ್ನು ಉಳಿಸಿದೆವು. ಹಿಂದೆ 11ರಿಂದ 30 ಹಲ್ಲಿನ ವರೆಗೆ ಎಂಟು ಚಕ್ರಗಳು. ಮೊದಲು ಅತ್ಯಂತ ಹಗುರಾದ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 3.2 ಮೀಟರು ಸಾಗುತ್ತಿತ್ತು, ಈಗ 2.9. ಅಂತರವು ಅಲ್ಪವೆಂದು ತೋರಬಹುದು. ಆದರೆ ಎದುರುಗಾಳಿಯಲ್ಲಿ ಎಳೆಯ ಮೊಣಕಾಲುಗಳಿಗೆ ಅದು ದೊಡ್ಡ ಉಪಕಾರ.

ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ ರೂಪಾಯಿಗಳ ಹತ್ತಿರ ಖರ್ಚಾಯಿತು. ಇದೇ ತರಗತಿಯ ಗೇರುಗಳುಳ್ಳ ಹೊಸ ಸೈಕಲ್ಲಿಗೆ ಅದರ ಎರಡರಷ್ಟು ಬೇಕಾಗುತ್ತಿತ್ತು. ಆದರೂ ಸತ್ಯವನ್ನು ಮರೆಮಾಚಲಾಗದು. ನಮ್ಮ ಸೈಕಲ್ಲು ಹತ್ತು ಕಿಲೋಗ್ರಾಮಿಗೆ ಮೇಲ್ಪಟ್ಟೇ ತೂಗುತ್ತದೆ. ಅಂತರರಾಷ್ಟ್ರೀಯ ನಿಯಮವು ಓಟದ ಸೈಕಲ್ಲಿಗೆ ವಿಧಿಸಿರುವ ಕನಿಷ್ಠ ತೂಕ 6.8 ಕಿಲೋಗ್ರಾಮು. ದೊಡ್ಡ ಸ್ಪರ್ಧೆಯಲ್ಲಿ ಇದು ಅವುಗಳಿಗೆ ಸಮನಲ್ಲ. ಅಭ್ಯಾಸಕ್ಕೂ ಆಯ್ಕೆಯ ದಿನಕ್ಕೂ ಸಾಕು. ಮುಂದಿನದು ಅವಳ ಕಾಲುಗಳಿಗೆ ಬಿಟ್ಟದ್ದು.

ಎಲ್ಲ ಹಳೆಯ ಸೈಕಲ್ಲುಗಳನ್ನೂ ಹೀಗೆ ಮಾರ್ಪಡಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಕಂಬಿಯ ಬ್ರೇಕಿನ ಕಪ್ಪು ಸೈಕಲ್ಲು ಹಾಲು ಒಯ್ಯಲು, ಸಂತೆಗೆ ಹೋಗಲು ಹುಟ್ಟಿದ್ದು. ಅದನ್ನು ಓಟಕ್ಕೆ ಎಳೆಯುವುದು ಎತ್ತಿಗೆ ಕುದುರೆಯ ಜೀನು ಬಿಗಿದಂತೆ. ಎಲ್ಲ ಭಾಗಗಳೂ ಮೂಲದವೇ ಇದ್ದು ಯಾರೂ ಓಡಿಸದ ಅಪರೂಪದ ಯಂತ್ರವಿದ್ದರೆ ಅದನ್ನು ಹಾಗೆಯೇ ಕಾಪಾಡುವುದು ಲೇಸು. ಗುಡಿಯ ಜೀರ್ಣೋದ್ಧಾರದಲ್ಲಿ ಗಟ್ಟಿಯಾದ ಕಲ್ಲನ್ನು ಕೀಳುವುದಿಲ್ಲ. ಜೀರ್ಣವಾದುದನ್ನು ಮಾತ್ರ ತೆಗೆದು, ಪೂಜೆ ನಡೆಯುವಂತೆ ಮಾಡುತ್ತಾರೆ. ಸೈಕಲ್ಲಿಗೂ ಇದೇ ನ್ಯಾಯ. ಚೌಕಟ್ಟು ಉಳಿಯಲಿ, ಜೀವವು ಯಾವುದನ್ನು ನಂಬಿದೆಯೋ ಆ ಬ್ರೇಕು, ಗಾಲಿ, ಹಿಡಿಗಳು ಹೊಸತಾಗಲಿ, ತೆಗೆದ ಭಾಗಗಳನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಕಟ್ಟಿಡಲಿ.

ಸೈಕಲ್ಲು ಸಿದ್ಧವಾದ ಮೊದಲನೆಯ ಭಾನುವಾರ ಹುಡುಗಿಯು ಬಬಲೇಶ್ವರಕ್ಕೆ ಹೊರಟಳು. ತಂದೆಯು ಮೋಟಾರ್ ಸೈಕಲ್ಲಿನ ಮೇಲೆ ಹಿಂದೆ ಹೋದನು. ನಾನು ಅವನ ಬೆನ್ನಿಗಿದ್ದೆನು. ಸಾರವಾಡದ ಇಳಿಜಾರು ಬಂದಾಗ ಅವನ ಹೆಗಲು ಬಿಗಿಯಾದದ್ದು ನನಗೆ ತಿಳಿಯಿತು. ಮುಂದೆ ಟಿಕ್ ಎಂಬ ಸಪ್ಪಳ ಕೇಳಿದ ಹಾಗಾಯಿತು. ಅವಳ ಎರಡು ಕೈಗಳೂ ಹ್ಯಾಂಡಲ್ಲಿನ ಮೇಲೆಯೇ ಇದ್ದವು. ಸೇತುವೆಯನ್ನು ದಾಟಿ ಅವಳು ಬಹುದೂರ ಹೋಗುವವರೆಗೆ ತಮ್ಮನು ಏನೂ ಮಾತಾಡಲಿಲ್ಲ.

ಆಯ್ಕೆಯು ಇನ್ನೂ ಆಗಬೇಕಾಗಿದೆ. ಹಳೆಯ ಹಿಡಿಗಳೆರಡನ್ನೂ ತಮ್ಮನು ತಾನೇ ಒರೆಸಿ, ತಗಡಿನ ಡಬ್ಬಿಯಲ್ಲಿಟ್ಟು, ಮೇಲೆ ಇಸವಿಯನ್ನು ಬರೆದಿದ್ದಾನೆ. ಅಟ್ಟವು ಈಗ ಬರಿದಾಗಿದೆ.