ಕಿವಿರು ಎತ್ತಿ ನೋಡದೆ ಕೊಂಡ ಕಾರು

ಕಾರವಾರದ ಮೀನುಪೇಟೆಗೆ ಹೋಗಿ ನೋಡಿ. ಬಂಗಡೆ ಕೊಳ್ಳಲು ಬಂದ ಹೆಂಗಸರು ಬೆಲೆ ಕೇಳುವ ಮೊದಲು ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಮಾತು ಮುಂದುವರಿಯುತ್ತದೆ, ಇಲ್ಲವಾದರೆ ಪಕ್ಕದ ಬುಟ್ಟಿ. ಅಂಕೋಲೆಯಲ್ಲಿ ಕರಿ ಈಶಾಡ ಮಾವು ಕೊಳ್ಳುವವರೂ ಅಷ್ಟೇ, ಮೂಸಿ ನೋಡದೆ ಬುಟ್ಟಿಗೆ ಕೈ ಹಾಕುವುದಿಲ್ಲ. ಇಂಥ ಊರಿನಲ್ಲಿ ಹುಟ್ಟಿ ಬೆಳೆದು, ಇಪ್ಪತ್ತೇಳು ವರ್ಷ ಮಕ್ಕಳಿಗೆ 'ನೋಡಿ, ಅಳೆಯಿರಿ, ಆಮೇಲೆ ನಂಬಿರಿ' ಎಂದು ವಿಜ್ಞಾನ ಪಾಠ ಹೇಳಿದ ನಾನು 2,85,000 ರೂಪಾಯಿಯ ಹಳೆಯ ಕಾರನ್ನು ಮೊಬೈಲಿನ ಹನ್ನೆರಡು ಫೋಟೊ ನೋಡಿ ಕೊಂಡೆ!

ಅದು 2023ರ ದಸರೆ ರಜೆ. ಅಮ್ಮನನ್ನು ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಸಲ ಅಂಕೋಲೆಯಿಂದ ಹುಬ್ಬಳ್ಳಿಗೆ ಕರೆದೊಯ್ಯಬೇಕಿತ್ತು. ಬಸ್ಸಿನ ಪ್ರಯಾಣ ಅವಳಿಗೆ ಆಗುತ್ತಿರಲಿಲ್ಲ. ಎಂಜಿನಿಯರಿಂಗ್ ಓದುವ ಮಗ ರಜೆಗೆ ಬಂದಿದ್ದ. 'ಅಪ್ಪಾ, ಇದನ್ನು ನೋಡು' ಎಂದು ಜಾಹೀರಾತು ತೋರಿಸಿದ. 2015ರ ಕಾರು, ಒಬ್ಬರೇ ಮಾಲೀಕರು, 42 ಸಾವಿರ ಕಿಲೋಮೀಟರ್, ಅಪಘಾತವಿಲ್ಲ. ಬೇರೆ ಇಬ್ಬರು ಮುಂಗಡ ಕೊಡಲು ಸಿದ್ಧರಿದ್ದಾರೆ ಎಂದು ಮಾರುವವರು ಅವಸರಿಸಿದರು. ನೋಂದಣಿ ಪತ್ರದಲ್ಲಿ ಬೇರೆಯವರ ಹೆಸರಿತ್ತು. ಕೇಳಿದ್ದಕ್ಕೆ 'ನಮ್ಮ ಮಾವನದು ಸರ್' ಎಂದರು. ನಾನು ನಂಬಿದೆ. ಮನೆ ಬಾಗಿಲಿಗೆ ಬಂದ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಉಳಿದ ಹಣ ಕೊಟ್ಟೆ.

ಮೂರನೆಯ ಪ್ರಯಾಣದಲ್ಲಿ ಅರಬೈಲ್ ಘಟ್ಟ ಏರುವಾಗ ಕಾರು ಕುದಿಯಿತು. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು, ಹಿಂದಿನ ಸೀಟಿನಲ್ಲಿ ಅಮ್ಮ ನರಳುತ್ತಿದ್ದಳು. ಲಾರಿಯವರೊಬ್ಬರು ನೀರು ಕೊಟ್ಟು ಉಪಕಾರ ಮಾಡಿದರು. ಮರುದಿನ ಅಂಕೋಲೆಯ ಮೆಕ್ಯಾನಿಕ್ ಅರ್ಧ ಗಂಟೆ ನೋಡಿ ಹೇಳಿದರು: 'ಮಾಸ್ತರ್ರೇ, ಇದು ಎದುರಿನಿಂದ ಗುದ್ದಿಸಿಕೊಂಡ ಗಾಡಿ. ರೇಡಿಯೇಟರ್ ಹಿಡಿದುಕೊಳ್ಳುವ ಪಟ್ಟಿಯೇ ವೆಲ್ಡಿಂಗ್ ಆಗಿದೆ.' ಆಮೇಲೆ ಬಾನೆಟ್ಟಿನ ಒಳಬದಿಯ ಮಸಿ ಒರೆಸಿ ಒಂದು ಹಳೆಯ ಆಯಿಲ್ ಬದಲಾವಣೆಯ ಚೀಟಿ ತೋರಿಸಿದರು. ಅದರಲ್ಲಿ 2021ರ ತಾರೀಕು, 91,400 ಕಿಲೋಮೀಟರ್. ನನ್ನ ಮೀಟರು ತೋರಿಸುತ್ತಿದ್ದದ್ದು 43 ಸಾವಿರ!

ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹುಡುಕಿದ್ದು ತಾನು, ಅಪ್ಪನ ಉಳಿತಾಯ ಮುಳುಗಿಸಿದ್ದು ತಾನು ಎಂಬ ಕೊರಗು. ಆದರೆ ನಮ್ಮನ್ನು ದಡ ಸೇರಿಸಿದ್ದು ಅವನೇ ಕಳಿಸಿದ್ದ ಒಂದು ಸಾಲಿನ ಸಂದೇಶ. ಕೊಳ್ಳುವ ಮುನ್ನ ಅವನು 'ಅಪಘಾತ ಆಗಿದೆಯೇ? ಮೀಟರ್ ಬದಲಾಗಿದೆಯೇ?' ಎಂದು ಬರೆದು ಕೇಳಿದ್ದ. 'ಇಲ್ಲ ಸರ್, ಎರಡೂ ಇಲ್ಲ' ಎಂಬ ಉತ್ತರ ಮೊಬೈಲಿನಲ್ಲೇ ಇತ್ತು.

ಕುದುರೆಯ ಕಥೆ

ಈ ಒಂದು ಸಾಲಿಗೆ ಅಷ್ಟು ಬೆಲೆ ಏಕೆ? 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ಕುದುರೆಯ ಉದಾಹರಣೆಯಿದೆ. ಕುದುರೆಗೆ ಖೋಡಿಯಿದೆ ಎಂದು ಗೊತ್ತಿದ್ದೂ ಮಾರುವವನು ಸುಮ್ಮನಿದ್ದರೆ, ಸಾಮಾನ್ಯವಾಗಿ ಅದು ವಂಚನೆಯಲ್ಲ. ಆದರೆ ಕೊಳ್ಳುವವನು 'ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ' ಎಂದಾಗಲೂ ಅವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ಗೊತ್ತಿದ್ದೂ 'ಇಲ್ಲ' ಎಂದರಂತೂ ನೇರ ವಂಚನೆ. ವಂಚನೆಯಿಂದ ಆದ ಕರಾರನ್ನು ಮೋಸಹೋದವನು ರದ್ದುಪಡಿಸಬಹುದು.

ಇದೇ ಕಾಯ್ದೆಯ 19ನೆಯ ಕಲಮು ಕೊಳ್ಳುವವನ ಕಿವಿಯನ್ನೂ ಹಿಂಡುತ್ತದೆ. ಮಾರುವವನು ತಿಳಿಯದೆ ತಪ್ಪು ಹೇಳಿದ್ದರೆ, ಅಥವಾ ಅವನ ವಂಚನೆ ಬರೀ ಮೌನದ್ದಾಗಿದ್ದರೆ, ಸಾಧಾರಣ ಎಚ್ಚರದಿಂದ ಸತ್ಯ ತಿಳಿಯುವ ದಾರಿ ಇದ್ದವನಿಗೆ ರದ್ದುಪಡಿಸುವ ಹಕ್ಕಿಲ್ಲ. ಅಂದರೆ ಕೇಳುವುದೂ ನೋಡುವುದೂ ನಮ್ಮ ಪಾಲಿನ ಕೆಲಸ.

ಮೋಸ ತಿಳಿದ ಮೇಲೆ

ನಾವು ಮೊದಲು ರಿಪೇರಿ ನಿಲ್ಲಿಸಿದೆವು. ಬಿಚ್ಚಿ ಸರಿಪಡಿಸಿದರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ವೆಲ್ಡಿಂಗ್, ಚೀಟಿ, ಮೀಟರು ಎಲ್ಲದರ ಫೋಟೊ ತೆಗೆದೆವು. ಮೆಕ್ಯಾನಿಕ್‌ನಿಂದ ಸಹಿ ಹಾಕಿದ ವರದಿ ಪಡೆದೆವು. ಜಾಹೀರಾತು, ಸಂದೇಶ, ಹಣ ಕಳಿಸಿದ ದಾಖಲೆಗಳನ್ನು ಮುದ್ರಿಸಿ ಇಟ್ಟುಕೊಂಡೆವು. ನಂತರ ವಕೀಲರ ಮೂಲಕ ನೋಟಿಸು ಹೋಯಿತು. ಮಾರಿದವರು ಮಾಲೀಕರ ಅಳಿಯನಲ್ಲ, ಕಾರು ಕೊಂಡು ಮಾರುವ ವ್ಯಾಪಾರಿ ಎಂಬುದು ಆಗ ಬಯಲಾಯಿತು.

ಇದು ಮುಖ್ಯ. ವ್ಯಾಪಾರಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು. ಮಾರಿದವರು ಯಾವ ಊರಿನವರಾದರೂ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ನಮಗೆ ಕಾರವಾರದಲ್ಲೇ, ದೂರು ಸಲ್ಲುತ್ತದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಲಹೆಗೆ 1915ಕ್ಕೆ ಫೋನ್ ಮಾಡಬಹುದು. ವ್ಯಾಪಾರಿಯಲ್ಲದ ಖಾಸಗಿ ಮಾಲೀಕರು ಮೋಸ ಮಾಡಿದರೆ ಸಿವಿಲ್ ದಾವೆಯ ದಾರಿ. ಮೋಸದ ಉದ್ದೇಶ ಸ್ಪಷ್ಟವಿದ್ದರೆ ಪೊಲೀಸ್ ದೂರು.

ನಮ್ಮದು ಆಯೋಗದವರೆಗೆ ಹೋಗಲಿಲ್ಲ. 1,10,000 ರೂಪಾಯಿ ಹಿಂದಿರುಗಿಸಿ ರಾಜಿಯಾದರು. ರಿಪೇರಿಗೆ ಬಹುಪಾಲು ಅದೇ ಖರ್ಚಾಯಿತು. ಗೆದ್ದೆವೆಂದು ಹೇಳಲಾರೆ, ಪೂರ್ತಿ ಮುಳುಗಲಿಲ್ಲ ಅಷ್ಟೆ.

ಕಾರಿನ ಕಿವಿರು ಯಾವುದು?

ಎಂಟನೆಯ ತರಗತಿಯ ಪ್ರಯೋಗಶಾಲೆಯ ಸಾಮಾನುಗಳೇ ಸಾಕಿತ್ತು ಎಂದು ಈಗ ನಾಚಿಕೆಯಾಗುತ್ತದೆ. ತೆಳು ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಗಿಲು, ಮಡ್ಗಾರ್ಡುಗಳ ಮೇಲೆ ಆಡಿಸಿ. ಉಕ್ಕಿನ ತಗಡನ್ನು ಅದು ಹಿಡಿಯುತ್ತದೆ. ನಜ್ಜುಗುಜ್ಜಾದ ಕಡೆ ಮೆತ್ತಿದ ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಬಂಪರು ಪ್ಲಾಸ್ಟಿಕ್ಕಿನದು, ಅಲ್ಲಿ ಈ ಪರೀಕ್ಷೆ ನಡೆಯದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಇಪ್ಪತ್ತು ಸಾವಿರ ಓಡಿದೆ ಎನ್ನುವ ಕಾರಿಗೆ ನಾಲ್ಕೂ ಟೈರು ಬದಲಾಗಿದ್ದರೆ ಕಾರಣ ಕೇಳಿ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರಿನ ಮಾತನ್ನು ಅನುಮಾನಿಸಿ. ಚಾಸಿಸ್ ಸಂಖ್ಯೆ ಕೊಟ್ಟು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಹಳೆಯ ದಾಖಲೆ ಕೇಳಿಸಿ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ನೆರೆಯಲ್ಲಿ ಮುಳುಗಿದ ಕಾರಾದರೆ ಸುರುಳಿಯೊಳಗೆ ಕೆಸರಿನ ಕಲೆ ಸಿಕ್ಕೀತು. ಗಂಗಾವಳಿ ತೀರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡಲ ಗಾಳಿಯ ಉಪ್ಪು ತೇವದೊಡನೆ ಸೇರಿ ತುಕ್ಕನ್ನು ಬೇಗ ಎಳೆದು ತರುತ್ತದೆ. ಆದ್ದರಿಂದ ಕಾರನ್ನು ಜಾಕಿಯ ಮೇಲೆ ಎತ್ತಿಸಿ ಅಡಿಭಾಗ ನೋಡಿ. ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಒಂದು ಏರು ಹತ್ತಿಸಿ.

ಕಾಗದದ ಪರೀಕ್ಷೆ

ನೋಂದಣಿ ಪತ್ರದ ಹೆಸರು, ಮಾರುವವರ ಗುರುತಿನ ಚೀಟಿ, ಕಾರಿನ ಮೇಲೆ ಕೊರೆದ ಚಾಸಿಸ್ ಸಂಖ್ಯೆ ಮೂರೂ ತಾಳೆಯಾಗಬೇಕು. ಬ್ಯಾಂಕಿನ ಸಾಲ ತೀರಿದೆಯೇ ನೋಡಿ. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿ, ಆರ್‌ಟಿಒ ಕಚೇರಿಯಲ್ಲಿ ವರ್ಗಾವಣೆ ಬೇಗ ಮುಗಿಸಿ. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಇದು ಮಾರುವವರಿಗೂ ಪಾಠ. ಗೋವಾದ ಕಾರು ಅಗ್ಗವೆಂದು ಕೊಳ್ಳುವ ಕಾರವಾರದವರು ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ, ಮರುನೋಂದಣಿಯ ಖರ್ಚು ಸೇರಿಸಿ ಲೆಕ್ಕ ಹಾಕಲಿ.

ಇನ್ನೊಂದು ಎಚ್ಚರ. 'ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಅಗ್ಗಕ್ಕೆ ಕೊಡುತ್ತೇನೆ' ಎನ್ನುವ ಕಳ್ಳ ಜಾಹೀರಾತುಗಳು ದೇಶದಾದ್ಯಂತ ಬಂದಿವೆ. ಕದಂಬ ನೌಕಾನೆಲೆ ಇರುವ ನಮ್ಮೂರಿನಲ್ಲಿ ಅಂಥ ಮಾತು ಸಹಜವೆನಿಸಿಬಿಡುತ್ತದೆ. ಕಾರು ಕಣ್ಣಿಗೆ ಕಾಣುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿ ಮೋಸಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹೆತ್ತವರಿಗೊಂದು ಮಾತು. ಮಕ್ಕಳಿಗೆ ಮೊಬೈಲಿನಲ್ಲಿ ಹುಡುಕುವ ಜಾಣ್ಮೆಯಿದೆ, ನಮಗೆ ಪೇಟೆಯಲ್ಲಿ ಮುಟ್ಟಿ ನೋಡುವ ಅಭ್ಯಾಸವಿದೆ. ಎರಡೂ ಕೂಡಬೇಕು. ಎಡವಿದರೆ ಮಗನನ್ನು ಬೈಯುವುದರಿಂದ ಹಣ ಮರಳದು. ವಿದ್ಯಾರ್ಥಿಗಳೇ, ನೀವು ಕೇಳಬೇಕಾದ್ದನ್ನು ಬರೆದು ಕೇಳಿ, ಉತ್ತರವನ್ನು ಅಳಿಸಬೇಡಿ.

ಕಳೆದ ಬೇಸಿಗೆಯಲ್ಲಿ ನೆರೆಮನೆಯವರು ಹಳೆಯ ಕಾರು ನೋಡಲು ಹೊರಟಾಗ ಮಗನನ್ನು ಜೊತೆಗೆ ಕರೆದರು. ಅವನು ನನ್ನ ಬೀರುವಿನಿಂದ ಆಯಸ್ಕಾಂತ, ಒಂದು ನೋಟ್‌ಬುಕ್ಕು ತೆಗೆದುಕೊಂಡು ಹೋದ. ಸಂಜೆ ಬಂದು, 'ಕೊಳ್ಳಲಿಲ್ಲ ಅಪ್ಪಾ, ಬಾಗಿಲು ಪೂರ್ತಿ ಪುಟ್ಟಿ' ಎಂದ. ಅಂದು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದ.